ಓಡಿದವನ ಕಂಬಳಿ

ಪಾರ್ವತಮ್ಮ ದೊಡ್ಡಜ್ಜಿ ತನ್ನ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಚೌಕ ಗೀರಿದ್ದಳು. ಒಂದು ಪಕ್ಕ ದೇವರ ಕ್ಯಾಲೆಂಡರು, ಇನ್ನೊಂದು ಪಕ್ಕ ಶ್ಯಾಮಣ್ಣ ತಾತ ಪೇಟ ಸುತ್ತಿಕೊಂಡು ಕೂತಿರುವ ಫೋಟೋ. ನಡುವೆ ಈ ಖಾಲಿ ಚೌಕ. ತಾತನ ವಿಷಯ ಅಚ್ಚಾಗಿರುವ ಹಾಳೆ ಸಿಕ್ಕ ಮೇಲೆ ಹೊಸೂರಲ್ಲಿ ಕಟ್ಟು ಹಾಕಿಸಿ ಅಲ್ಲಿ ನೇತುಹಾಕಬೇಕು ಎಂಬುದು ಅವಳ ಆಸೆ. ಮನೆಗೆ ಬಂದವರಿಗೆಲ್ಲ ಆ ಚೌಕ ತೋರಿಸದೆ ಕಾಫಿ ಕೊಡುತ್ತಿರಲಿಲ್ಲ.

ಹಾಳೆ ಎಲ್ಲಿದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಚಂದ್ರಲೇಖಾ ಎಂಬ ಹುಡುಗಿ ನಮ್ಮೂರಿಗೆ ಬಂದು, ರಾಗಿ ತೆನೆ ಹಾಲುಗಟ್ಟುವ ಕಾಲದಲ್ಲಿ ಒಂದು ತಿಂಗಳು ಉಳಿದಿದ್ದಳು. ನಮ್ಮೂರು ಹೊಸೂರು ಕಡೆಯ ಸಾನಮಾವು ಕಾಡಿನ ಅಂಚಿಗಿದೆ. ರಾಗಿ ಹಾಲುಗಟ್ಟಿದ ವಾಸನೆಗೆ ಆನೆ ಬರುತ್ತದೆ, ಗಂಡಸರು ಹೊಲದ ಅಟ್ಟಣೆ ಹತ್ತಿ ಕಾವಲು ಕೂರುತ್ತಾರೆ. ಚಂದ್ರಲೇಖಾ ಪಿಎಚ್‌ಡಿ ಓದುವವಳು. ಮನೆಮನೆಗೆ ಹೋಗಿ ಈ ಕಾವಲಿನ ವಿಷಯ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಹೋಗುವಾಗ, ಇದೆಲ್ಲ ಮುಂದೆ ಒಂದು ಜರ್ನಲ್ಲಿನಲ್ಲಿ ಲೇಖನವಾಗಿ ಬರುತ್ತದೆ, ತಡವಾಗಬಹುದು, ಯಾವುದಾದರೂ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೇಳಿದರೆ ಸಿಗುತ್ತದೆ ಎಂದು ಹೇಳಿ ಬಸ್ಸು ಹತ್ತಿದಳು. ಆಮೇಲೆ ಅವಳ ನಂಬರಿಗೆ ಫೋನು ಹೋಗಲಿಲ್ಲ.

ಈ ವರ್ಷ ದೊಡ್ಡಜ್ಜಿಯ ಮೊಮ್ಮಗಳು ಭಾನು ಎಂ.ಎ.ಗೆ ಸೇರಿದಳು. ಕೃಷ್ಣಗಿರಿ ದಾಟಿ ಇನ್ನೂ ಒಂದು ಬಸ್ಸಿನ ದಾರಿ. ಅಲ್ಲೇ ಹಾಸ್ಟೆಲು. ರಜೆಗೆ ಬಂದಾಗಲೆಲ್ಲ ದೊಡ್ಡಜ್ಜಿಯದು ಒಂದೇ ಪ್ರಶ್ನೆ. ನಿನ್ನ ಯೂನಿವರ್ಸಿಟೀಲಿ ಲೈಬ್ರರಿ ಐತೋ ಇಲ್ವೋ, ಇದ್ದರೆ ನಿಮ್ಮ ತಾತನ ಹಾಳೆ ಯಾಕೆ ಸಿಗಾಕಿಲ್ಲ.

ತಾತನ ಕತೆ ನಮ್ಮೂರಲ್ಲಿ ಎಲ್ಲರಿಗೂ ಬರುತ್ತದೆ. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ಒಂದೇ ಬದು, ಎರಡಕ್ಕೂ ಸೇರಿ ಒಂದೇ ಅಟ್ಟಣೆ. ಶ್ಯಾಮಣ್ಣ ತಾತನೂ ನಮ್ಮ ತಾತ ದೊಡ್ಡವೆಂಕಟಪ್ಪನೂ ಅಣ್ಣತಮ್ಮಂದಿರ ಮಕ್ಕಳು. ಇಬ್ಬರೂ ಒಟ್ಟಿಗೆ ಕಾವಲು ಕೂರುತ್ತಿದ್ದರು. ನಮ್ಮಪ್ಪ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಒಂಟಿ ಆನೆ ಬಂದು ಅಟ್ಟಣೆಯ ಕಂಬಕ್ಕೇ ಸೊಂಡಿಲು ಹಾಕಿತಂತೆ. ಶ್ಯಾಮಣ್ಣ ತಾತ ಉರಿಯುವ ಕೊಳ್ಳಿ ಹಿಡಿದು ಕೆಳಗಿಳಿದು ಅದನ್ನು ಕಾಡಿಗೆ ಅಟ್ಟಿದನಂತೆ. ಅಂದಿನಿಂದ ಊರಿನ ಎಲ್ಲ ಕೆಲಸದಲ್ಲೂ ಮೊದಲ ತಾಂಬೂಲ ಅವನಿಗೆ. ನಮ್ಮ ತಾತ ತೀರಿಹೋಗಿ ಬಹಳ ವರ್ಷವಾಯಿತು. ಶ್ಯಾಮಣ್ಣ ತಾತನಿಗೆ ಈಗ ಕಿವಿ ಕೇಳಿಸುವುದು ಕಡಿಮೆ, ಆದರೂ ತಾಂಬೂಲ ಬರುವಾಗ ನೆಟ್ಟಗೆ ಕೂರುತ್ತಾನೆ.

ಹಾಳೆ ಹುಡುಕಲು ಭಾನು ಒಪ್ಪಿಕೊಂಡ ದಿನ ಸಂಜೆ, ನಮ್ಮಜ್ಜಿ ಭದ್ರಮ್ಮ ನನ್ನನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಕರೆದಳು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಆ ರಾತ್ರಿ ಓಡಿದವರು ಭಾವ ಎಂದು ಅಜ್ಜಿ ಹೇಳಿದಳು, ಅಂದರೆ ಶ್ಯಾಮಣ್ಣ ತಾತ. ಕಂಬ ಅಲ್ಲಾಡಿದ್ದೇ ತಡ, ಅವನು ಹಿಂದಿನಿಂದ ಧುಮುಕಿ ಊರ ಕಡೆ ಓಡಿಬಿಟ್ಟ. ಉಳಿದವನು ನಮ್ಮ ತಾತ. ಒಬ್ಬನೇ ತಗಡು ಬಡಿದು, ಕೊಳ್ಳಿ ಎಸೆದು, ಆನೆ ತಿರುಗುವವರೆಗೂ ಇದ್ದ. ಊರವರನ್ನು ಎಬ್ಬಿಸಿಕೊಂಡು ಪಂಜಿನ ಜೊತೆ ಮುಂದೆ ಮುಂದೆ ಬಂದವನು ಶ್ಯಾಮಣ್ಣ ಆದ್ದರಿಂದ, ಅಟ್ಟಿದವನು ಅವನೇ ಎಂದು ಜನ ತಿಳಿದರು. ಯಾರೋ ಕೇಳಿದಾಗ ನಮ್ಮ ತಾತನೂ ಹೌದು, ಅಣ್ಣನೇ ಅಟ್ಟಿದ್ದು ಅಂದುಬಿಟ್ಟ. ನಿಜ ಹೇಳಿದ್ದು ಹೆಂಡತಿ ಒಬ್ಬಳಿಗೆ. ಅವಳು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಬಿಟ್ಟದ್ದು ಚಂದ್ರಲೇಖಾಳ ಮುಂದೆ.

ಯಾಕೆ ಹೇಳಿದೆ ಅಜ್ಜಿ ಎಂದು ಕೇಳಿದೆ.

"ಊರಿನೋರಿಗೆ ಹೇಳಿದ್ರೆ ಊರಲ್ಲೇ ಇರ್ತದೆ. ಅವಳು ಬಸ್ ಹತ್ತಿ ಹೋಗೋಳು, ಮಾತೂ ಅವಳ ಜೊತೇಲೇ ಹೋಯ್ತದೆ ಅಂದ್ಕಂಡೆ ಕಣಮ್ಮಿ," ಅಂದಳು.

ಈಗ ಆ ಮಾತು ಅಚ್ಚಾಗಿ ವಾಪಸು ಬರುತ್ತಿತ್ತು. ಅದೂ ಭಾನುವಿನ ಕೈಯಲ್ಲಿ, ಪಾರ್ವತಮ್ಮನ ಗೋಡೆಗೆ. ಬದುಕಿರುವ ಮುದುಕನ ಮಾನ ಹೋಗುತ್ತದೆ, ಎರಡು ಮನೆ ಒಡೆಯುತ್ತದೆ, ಒಂದೇ ಬಾವಿಯಲ್ಲಿ ನೀರು ಸೇದುವವರು ಮುಖ ತಿರುಗಿಸಿಕೊಳ್ಳಬೇಕಾಗುತ್ತದೆ ಎಂಬುದು ಅಜ್ಜಿಯ ಭಯ. ಭಾನು ಜೊತೆ ನೀನೂ ಹೋಗು ಅಂದಳು. ಹಾಳೆಯಲ್ಲಿ ಹೆಸರಿದ್ದರೆ ಭಾನುವಿನ ಕೈಕಾಲು ಹಿಡಿದಾದರೂ ಹಾಳೆ ಮನೆಗೆ ತರದ ಹಾಗೆ ನೋಡಿಕೋ ಅಂದಳು.

ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಯಾರ ಕೈಕಾಲು ಹಿಡಿಯುವುದಕ್ಕೂ ಮೊದಲು ಬಾಯಿ ಬರಬೇಕಲ್ಲ ಎಂದು ದಾರಿ ಉದ್ದಕ್ಕೂ ಯೋಚಿಸುತ್ತಿದ್ದೆ. ಭಾನಕ್ಕನಿಗೆ ಗೊತ್ತಿದ್ದದ್ದು ನಾನು ಯೂನಿವರ್ಸಿಟಿ ನೋಡಲು ಬರುತ್ತಿದ್ದೇನೆ ಎಂದಷ್ಟೇ. ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟಿದ್ದಳು.

ಲೈಬ್ರರಿ ಬಾಗಿಲಲ್ಲಿ ವಾಚ್‌ಮನ್ ನನ್ನ ಐಡಿ ಕಾರ್ಡು ಕೇಳಿದ. ಭಾನಕ್ಕ ತಮಿಳಿನಲ್ಲಿ, ನಮ್ಮ ತಂಗಚ್ಚಿ, ಸುಮ್ಮನೆ ಕೂತಿರ್ತಾಳೆ ಅಂದಳು. ಬ್ಯಾಗು ಹೊರಗಿನ ಗೂಡಿನಲ್ಲಿಟ್ಟು, ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋದೆವು. ಹೆಸರಿನ ಪಕ್ಕ ಏನು ಓದುತ್ತೀರಿ ಎಂದು ಬರೆಯುವ ಜಾಗವಿತ್ತು. ಅದನ್ನು ಹಾಗೇ ಬಿಟ್ಟೆ.

ಪುಸ್ತಕದ ಸಾಲುಗಳ ನಡುವೆ ಹುಡುಕಬೇಕು ಎಂದುಕೊಂಡಿದ್ದೆ. ಹಾಗಲ್ಲ. ಹಳೆಯ ಜರ್ನಲ್ಲುಗಳು ರಟ್ಟು ಕಟ್ಟಿಸಿಕೊಂಡು ಒಂದು ಮೂಲೆಯಲ್ಲಿ ಧೂಳು ಹಿಡಿದಿದ್ದವು. ಹೊಸತೆಲ್ಲ ಕಂಪ್ಯೂಟರಿನಲ್ಲೇ ಬರುತ್ತದಂತೆ. ಭಾನಕ್ಕ ಕೂತು ಮೊದಲು ಶ್ಯಾಮಣ್ಣ ಎಂದು ತಾತನ ಹೆಸರು ಹೊಡೆದಳು. ಯಾರ್‍ಯಾರೋ ಶ್ಯಾಮಣ್ಣಂದಿರು ಬಂದರು, ನಮ್ಮವನಲ್ಲ. ಊರಿನ ಹೆಸರು ಹೊಡೆದಳು, ಏನೂ ಬರಲಿಲ್ಲ. ಚಂದ್ರಲೇಖಾ ಎಂದು ಹೊಡೆದರೆ ಪರದೆಯ ತುಂಬ ಚಂದ್ರಲೇಖಾಗಳು. ಒಬ್ಬಳು ಹಲ್ಲಿನ ಡಾಕ್ಟರು, ಒಬ್ಬಳು ಸಿಮೆಂಟಿನ ಬಗ್ಗೆ ಬರೆದವಳು. ಆನೆ ಎಂದು ಇಂಗ್ಲಿಷಿನಲ್ಲಿ ಹೊಡೆದಾಗ ಆಫ್ರಿಕಾದ ಆನೆಗಳೆಲ್ಲ ಎದ್ದು ಬಂದವು.

ನನಗೆ ಒಳಗೊಳಗೇ ನೆಮ್ಮದಿಯಾಗುತ್ತಿತ್ತು. ಸಿಗದೆ ಹೋದರೆ ಎಲ್ಲರಿಗೂ ಒಳ್ಳೆಯದು.

ಭಾನಕ್ಕ ತಲೆ ಹಿಡಿದುಕೊಂಡು ಕೂತದ್ದನ್ನು ನೋಡಿ ವೇಣು ಸಾರ್ ಹತ್ತಿರ ಬಂದರು. ಅಲ್ಲಿಯ ಲೈಬ್ರರಿಯನ್, ಹೊಸೂರು ಕಡೆಯವರೇ. ನಾವು ಕನ್ನಡದಲ್ಲಿ ಪಿಸುಗುಟ್ಟುವುದು ಕೇಳಿ ಅವರೂ ಕನ್ನಡಕ್ಕೆ ತಿರುಗಿದರು.

"ತಾತನ ಹೆಸರು ಹಾಕಿ ಹುಡುಕ್ತಿದ್ದೀರಾ? ಅದೇನು ರೇಷನ್ ಕಾರ್ಡೇನಮ್ಮಾ," ಎಂದು ನಕ್ಕು, ಕುರ್ಚಿ ಎಳೆದುಕೊಂಡರು.

ಅವರು ನಿಧಾನವಾಗಿ ತಿಳಿಸಿ ಹೇಳಿದರು. ಹೊರಗಿನಿಂದ ನೋಡಿದರೆ ಲೇಖನದ ಸಾರಾಂಶ ಮಾತ್ರ ಕಾಣುತ್ತದೆ, ಪೂರ್ತಿ ಓದಲು ದುಡ್ಡು ಕೇಳುತ್ತದೆ. ಲೈಬ್ರರಿ ಮೊದಲೇ ಚಂದಾ ಕಟ್ಟಿರುವುದರಿಂದ ಲೈಬ್ರರಿಯ ಪುಟದ ಮೂಲಕ ಹೋದರೆ ಬಿಟ್ಟಿಯಾಗಿ ತೆರೆದುಕೊಳ್ಳುತ್ತದೆ. ಬರೆದವರ ಹೆಸರು ಒಂದು ಸಾಲದು, ಅದರ ಜೊತೆ ವಿಷಯವನ್ನೂ ಸೇರಿಸಬೇಕು. ಒಟ್ಟಿಗೆ ಬರಬೇಕಾದ ಎರಡು ಪದವಿದ್ದರೆ ಉದ್ಧರಣ ಚಿಹ್ನೆಯೊಳಗೆ ಕಟ್ಟಿಡಬೇಕು, ಇಲ್ಲದಿದ್ದರೆ ಅವು ಬೇರೆಬೇರೆ ದಾರಿ ಹಿಡಿಯುತ್ತವೆ. ಯಾವ ಇಸವಿಯಿಂದ ಈಚಿನದು ಸಾಕು ಎಂದೂ ಗೆರೆ ಹಾಕಬಹುದು. ಅವರು ಹೇಳಿದಂತೆ ಮಾಡುತ್ತ ಹೋದಾಗ ಪರದೆಯ ಮೇಲಿನ ಪಟ್ಟಿ ರಾಗಿ ಕೇರಿದ ಹಾಗೆ ಕಡಿಮೆಯಾಗುತ್ತ ಬಂತು. ಆದರೂ ನಮ್ಮ ಚಂದ್ರಲೇಖಾ ಸಿಗಲಿಲ್ಲ. ಬೆಳೆ ಹಾನಿ ಎಂದು ಹಾಕಿದರು, ಕಾಡುಪ್ರಾಣಿ ಎಂದು ಹಾಕಿದರು. ಇಲ್ಲ.

ಇನ್ನೂ ಅಚ್ಚಾಗಿಲ್ಲವೇನೋ ಎಂದು ವೇಣು ಸಾರ್ ಏಳುವ ಹಾಗಾದರು. ಭಾನಕ್ಕನ ಕಣ್ಣು ಒದ್ದೆಯಾಗಿತ್ತು. ಅಜ್ಜಿಗೆ ಏನು ಹೇಳಲಿ, ಚೌಕ ಬೇರೆ ಗೀರಿಟ್ಟಿದ್ದಾಳೆ ಅಂದಳು.

ನಾನು ಸುಮ್ಮನಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತು ಆ ಪಟ್ಟಿ ಕೇರುವುದನ್ನೇ ನೋಡುತ್ತಿದ್ದ ನನಗೆ ಒಂದು ವಿಷಯ ಕಾಣುತ್ತಿತ್ತು. ಚಂದ್ರಲೇಖಾ ನಮ್ಮ ಮನೆಗೆ ಬಂದಾಗ ನಾನು ಒಲೆಯ ಮುಂದೆ ಕೂತಿರುತ್ತಿದ್ದೆ. ಅವಳು ಗಂಡಸರ ಹತ್ತಿರ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ನಮ್ಮಜ್ಜಿಯ ಮಾತು ಒಂದು ಪುಸ್ತಕದೊಳಗೆ ಹೇಗಿರುತ್ತದೆ ಎಂದು ನೋಡುವ ಆಸೆಯೂ ಅದಾವಾಗಲೋ ನನ್ನೊಳಗೆ ಹುಟ್ಟಿಬಿಟ್ಟಿತ್ತು. ಹೆದರಿಕೆಗಿಂತ ಅದೇ ದೊಡ್ಡದಾಯಿತು.

"ಅವಳು ಕೇಳ್ತಿದ್ದದ್ದು ಹೆಂಗಸರನ್ನ," ಅಂದೆ. "ಗಂಡಸರು ಕಾವಲಿಗೆ ಹೋದ ರಾತ್ರಿ ಮನೇಲಿ ನೀವು ಏನು ಮಾಡ್ತೀರಿ ಅಂತ."

ವೇಣು ಸಾರ್ ನನ್ನತ್ತ ತಿರುಗಿ, ಮತ್ತೆ ಕೂತು, ಹೆಂಗಸರು ಎಂದು ಒಂದು ಪದ, ರಾತ್ರಿ ಕಾವಲು ಎಂದು ಕಟ್ಟಿಟ್ಟ ಎರಡು ಪದ ಹಾಕಿಸಿದರು. ಲೇಖನ ಪಟ್ಟಿಯ ಮೇಲ್ಗಡೆಯೇ ಇತ್ತು. ಚಂದ್ರಲೇಖಾಳ ಹೆಸರಿನ ಜೊತೆ ಅವಳ ಮೇಷ್ಟರ ಹೆಸರೂ ಇತ್ತು.

ಭಾನಕ್ಕ ಹಾಳೆಗಳನ್ನು ಪ್ರಿಂಟು ತೆಗೆಸಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಇಂಗ್ಲಿಷನ್ನು ಕನ್ನಡ ಮಾಡಿ ಮೆಲ್ಲಗೆ ಓದಿದಳು. ಶ್ಯಾಮಣ್ಣ ತಾತನ ಹೆಸರು ಯಾವ ಸಾಲಿಗೆ ಬರುತ್ತದೋ ಎಂದು ಕಾಯುತ್ತಿದ್ದೆ. ಆದರೆ ಹೆಸರು ಎಲ್ಲೂ ಇರಲಿಲ್ಲ. ನಮ್ಮೂರಿಗೂ ಹೆಸರಿಲ್ಲ, ಕಾಡಂಚಿನ ಒಂದು ಹಳ್ಳಿ ಅಷ್ಟೇ. ಮಾತಾಡಿದವರಿಗೆ ತೊಂದರೆಯಾಗಬಾರದೆಂದು ಹೀಗೆ ಹೆಸರು ತೆಗೆದಿರುತ್ತಾರೆ ಎಂದು ವೇಣು ಸಾರ್ ಪಕ್ಕದಲ್ಲಿ ಹಾದುಹೋಗುವಾಗ ಹೇಳಿದರು. ನನಗೆ ಉಸಿರು ಬಂತು.

ಅಷ್ಟರಲ್ಲಿ ಅಜ್ಜಿಯ ಮಾತು ಬಂತು. ವಯಸ್ಸಾದ ಒಬ್ಬ ರೈತ ಮಹಿಳೆ ಹೇಳಿದ್ದು ಎಂದು ಇತ್ತು. ಆ ರಾತ್ರಿ ಅಟ್ಟಣೆಯಲ್ಲಿ ಇಬ್ಬರಿದ್ದರು, ಒಬ್ಬರು ಓಡಿದರು, ನನ್ನ ಗಂಡ ಉಳಿದರು. ಬೆಳಗ್ಗೆ ನನ್ನ ಗಂಡ, ಓಡಿದವರು ಬಿಟ್ಟುಹೋದ ಕಂಬಳಿಯನ್ನು ಮಡಿಸಿ, ಯಾರೂ ಏಳುವ ಮೊದಲು ಅವರ ಜಗಲಿಯ ಮೇಲೆ ಇಟ್ಟು ಬಂದರು. ಆ ಮನೆಯಲ್ಲಿ ಹಸಿ ಬಾಣಂತಿ ಇದ್ದಳು. ಅವರ ಕಾಲು ಆನೆಗೆ ಹೆದರಿ ಓಡಿದ್ದಲ್ಲ, ಮನೆ ಕಡೆಗೆ ಓಡಿದ್ದು.

ಭಾನಕ್ಕ ಹಾಳೆಯನ್ನು ಎದೆಗೊತ್ತಿಕೊಂಡಳು. "ಇದು ನಮ್ಮಜ್ಜಿ ಹೇಳಿದ್ದು ಕಣೇ. ಉಳಿದೋರು ನಮ್ಮ ತಾತ."

ಯಾಕೆ ಹಾಗಂದುಕೊಂಡಳು ಎಂದು ನನಗೆ ಗೊತ್ತು. ಈ ಕತೆ ಹೇಳುವವಳು ಯಾವಾಗಲೂ ಪಾರ್ವತಮ್ಮ ದೊಡ್ಡಜ್ಜಿ. ನಮ್ಮಜ್ಜಿ ಯಾವತ್ತೂ ಹೇಳಿದವಳಲ್ಲ. ಅವಳು ಗಂಡನ ಹೆಸರೂ ಹೇಳುವವಳಲ್ಲ, ಭಾವನ ಹೆಸರೂ ಹೇಳುವವಳಲ್ಲ. ಚಂದ್ರಲೇಖಾಳ ಮುಂದೆಯೂ ನಮ್ಮೋರು, ಅವರು ಎಂದೇ ಹೇಳಿರುತ್ತಾಳೆ. ನಮ್ಮಪ್ಪನಿಗೂ ಭಾನಕ್ಕನ ಅಪ್ಪನಿಗೂ ಒಂದು ವರ್ಷದ ಅಂತರ. ಭಾನಕ್ಕನ ಕಣ್ಣಿಗೆ ಬಾಣಂತಿ ಇಬ್ಬರು ಅಜ್ಜಿಯರಲ್ಲಿ ಯಾರು ಬೇಕಾದರೂ ಆಗಬಹುದಿತ್ತು.

ಹಾಗಾದರೆ ಓಡಿದ್ದು ಯಾರು ಎಂದು ಕೇಳುತ್ತ ಭಾನಕ್ಕ ನನ್ನತ್ತ ತಿರುಗಿದಳು. ಕೇಳುತ್ತಿದ್ದ ಹಾಗೆ ಅವಳಿಗೇ ಹೊಳೆಯಿತು. ಅಟ್ಟಣೆಯಲ್ಲಿದ್ದ ಇನ್ನೊಬ್ಬ ನಮ್ಮ ತಾತ. ಅವಳ ಮುಖದ ಖುಷಿ ಇಳಿದುಹೋಯಿತು. ಹಾಳೆಗಳನ್ನು ಮಡಿಸಿ, "ಬಿಡು ಸುಧಾ, ಹಳೇ ಕತೆ," ಅಂದಳು.

ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬಂದಿದ್ದರೆ ಅಜ್ಜಿಯ ಗುಟ್ಟೇ ಹೊರಬೀಳುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಭಾನಕ್ಕ ನನಗೆ ಸೀಬೆಹಣ್ಣು ಕೊಡಿಸಿದಳು, ಕೂದಲಿಗೆ ಕ್ಲಿಪ್ಪು ಕೊಡಿಸಿದಳು. ಕೃಷ್ಣಗಿರಿ ಬರುವವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳದು ಒಳ್ಳೆಯ ಮನಸ್ಸು. ಆ ಒಳ್ಳೆಯತನ ನನಗೆ ಚುಚ್ಚುತ್ತಿತ್ತು.

ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅಜ್ಜಿ ಬಾವಿಯ ಹತ್ತಿರವೇ ಕಾಯುತ್ತಿದ್ದಳು. ಹೆಸರಿಲ್ಲ ಎಂದಾಗ ಬಿಂದಿಗೆ ಕೆಳಗಿಟ್ಟು ಕೈ ಮುಗಿದಳು. ಭಾನಕ್ಕ ಏನು ತಿಳಿದುಕೊಂಡಿದ್ದಾಳೆ ಎಂಬುದನ್ನೂ ಹೇಳಿದೆ. ಅಜ್ಜಿ ಹಗ್ಗ ಸುತ್ತಿ ಬಾವಿಕಟ್ಟೆಯ ಮೇಲಿಟ್ಟಳು.

"ಹೋಗ್ಲಿ ಬಿಡು," ಅಂದಳು ಆಮೇಲೆ. "ಇರೋರಿಗೆ ಮಾನ ಬೇಕು. ಹೋದೋರು ಅದನ್ನ ತಕ್ಕಂಡು ಏನ್ ಮಾಡ್ತಾರೆ."

ಆದರೆ ತುಂಬಿದ ಬಿಂದಿಗೆಯನ್ನು ಅಲ್ಲೇ ಮರೆತು ಹೊರಟಳು.

ದೊಡ್ಡಜ್ಜಿ ಆಗಲೇ ಜಗಲಿ ಸಾರಿಸಿ ಚಾಪೆ ಹಾಸಿದ್ದಳು. ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ ಕೂತಿದ್ದಳು. ನಮ್ಮಜ್ಜಿ ಅವಳ ಪಕ್ಕ ಕೂತು ತಾನೂ ಸುಲಿಯತೊಡಗಿದಳು. ಶ್ಯಾಮಣ್ಣ ತಾತ ಸ್ವಲ್ಪ ಆಚೆ, ಕಂಬಕ್ಕೆ ಒರಗಿ, ಈ ಹೊತ್ತಿನಲ್ಲೂ ಪೇಟ ಸುತ್ತಿಕೊಂಡು ಕೂತಿದ್ದ. ಆನೆ ಅಟ್ಟಿದೋನಿಗೆ ಅವರೆಕಾಯಿ ಸುಲಿಯಾಕೆ ಬರಾಕಿಲ್ಲ ನೋಡು ಎಂದು ದೊಡ್ಡಜ್ಜಿ ಅವನನ್ನು ಹಂಗಿಸಿದಳು. ಅವನಿಗೆ ಕೇಳಿಸಲಿಲ್ಲ.

ಭಾನಕ್ಕ ಓದಿದಳು. ನನ್ನ ಮುಖ ನೋಡಿ, ಓಡಿದರು ಎಂಬ ಕಡೆ ದನಿ ತಗ್ಗಿಸಿದಳು. ನನ್ನ ಗಂಡ ಉಳಿದರು ಎಂಬ ಮಾತಿಗೆ ದೊಡ್ಡಜ್ಜಿಯ ಮುಖ ಅರಳಿತು. ಮುಂದೆ ಕಂಬಳಿಯ ಮಾತು ಬಂತು. ಸುಲಿಯುತ್ತಿದ್ದ ಅವಳ ಬೆರಳು ನಿಂತಿತು. ಬಾಣಂತಿಯ ಮಾತು ಬಂದಾಗ ಅವಳು ತಲೆ ಎತ್ತದೆ ಮೊರವನ್ನೇ ನೋಡುತ್ತಿದ್ದಳು.

"ಕಂಬಳಿ ವಿಷಯ ನಮಗೆ ಯಾವತ್ತೂ ಹೇಳೇ ಇಲ್ಲವಲ್ಲಜ್ಜಿ," ಅಂದಳು ಭಾನಕ್ಕ. "ಇದು ನೀನು ಹೇಳಿದ್ದೇ ತಾನೇ?"

ದೊಡ್ಡಜ್ಜಿ ಬಾಯಿ ತೆರೆಯುವ ಮೊದಲೇ ನಮ್ಮಜ್ಜಿ, ಕೈಯ ಕೆಲಸ ಬಿಡದೆ, "ಹೂಂ, ಅಕ್ಕನೇ ಹೇಳಿದ್ದು. ನಾನೂ ಅಲ್ಲೇ ಕೂತಿದ್ದೆ," ಅಂದಳು.

ಇಷ್ಟು ವರ್ಷ ಮುಚ್ಚಿಟ್ಟ ನಮ್ಮ ತಾತನ ಧೈರ್ಯವನ್ನು ಅವಳು ಅವರೆಕಾಳಿನ ಜೊತೆ ಆಚೆ ಮನೆಯ ಮೊರಕ್ಕೆ ಹಾಕಿಬಿಟ್ಟಳು. ನಮ್ಮ ತಾತ ಅಂದು ಮಾಡಿದ್ದೂ ಅದೇ.

ದೊಡ್ಡಜ್ಜಿ ನಮ್ಮಜ್ಜಿಯನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮನೆ ಕಡೆಗೆ ಓಡಿದ್ದು ಎಂಬ ಸಾಲನ್ನು ಇನ್ನೊಂದು ಸಲ ಓದು ಅಂದಳು. ಭಾನಕ್ಕ ಓದಿದಳು.

"ಅದು ನಾನು ಹೇಳಿದ್ದಲ್ಲ ಕಣೇ ಭಾನು," ಅಂದಳು ಆಮೇಲೆ, ತಾತನ ಕಡೆ ಒಮ್ಮೆ ನೋಡಿ, ಮೆಲ್ಲಗೆ. "ಆ ಬಾಣಂತಿ ನಾನು. ಬೆಳಗ್ಗೆ ಎದ್ದು ನೋಡಿದ್ರೆ ಕಂಬಳಿ ಜಗಲಿ ಮೇಲೆ ಮಡಿಸಿಟ್ಟಿತ್ತು. ಯಾರು ತಂದಿಟ್ರು ಅಂತ ನಾನು ಕೇಳಲಿಲ್ಲ, ಇವ್ರೂ ಹೇಳಲಿಲ್ಲ."

ಭಾನಕ್ಕನ ಕೈಯಲ್ಲಿ ಹಾಳೆಗಳು ಹಾಗೇ ಇದ್ದವು. ಅವಳು ನನ್ನ ಕಡೆ ನೋಡಿ, ನೋಡಲಾಗದೆ ತಲೆ ತಗ್ಗಿಸಿದಳು. ನಾನು ಸರಿದು ಅವಳ ಪಕ್ಕ ಕೂತೆ.

ಗೊತ್ತಿದ್ದೂ ಊರೆಲ್ಲ ಹೇಳಿಕೊಂಡು ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ದೊಡ್ಡಜ್ಜಿಯೇ ಹೇಳಿದಳು. ಹೇಳುತ್ತಲೇ ಇರದಿದ್ದರೆ ಯಾರಾದರೂ ಬೇರೆ ತರಹ ಹೇಳಿಬಿಡುತ್ತಾರೆ ಎಂಬ ಹೆದರಿಕೆ ಇತ್ತಂತೆ. ನಮ್ಮ ಮನೆಯವರು ಬಾಯಿ ಬಿಡುತ್ತಾರೆ ಎಂದು ಪ್ರತಿ ವರ್ಷ ಕಾದಿದ್ದಳಂತೆ.

"ನೀನು ಬಾಯಿ ಬಿಟ್ಟಿದ್ದೂ ನೋಡು, ಅವ್ರನ್ನ ಹೇಡಿ ಅನ್ನದಂಗೆ ಬಿಟ್ಟಿದ್ದೀಯ," ಎಂದು ನಮ್ಮಜ್ಜಿಯ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಸುಲಿಯಕ್ಕ, ಹೊತ್ತಾಯ್ತು," ಅಂದಳು ನಮ್ಮಜ್ಜಿ.

ಅಷ್ಟರಲ್ಲಿ ಕಂಬದ ಕಡೆಯಿಂದ ಶ್ಯಾಮಣ್ಣ ತಾತ ಕೇಳಿದ. ಓದುವುದು ನಿಂತದ್ದನ್ನು ಕಂಡು ಅವನಿಗೆ ತಡೆಯಲಾಗಿರಲಿಲ್ಲ. "ಏನಂತೆ? ನನ್ನ ಹೆಸ್ರು ಹಾಕವ್ಳಾ?"

ದೊಡ್ಡಜ್ಜಿ ಮೊರದ ಕಡೆ ಬಗ್ಗಿದಳು. ಭಾನಕ್ಕ ಹಾಳೆ ಮಡಿಸಿದಳು. ನಮ್ಮಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವಳು ಭಾವನ ಜೊತೆ ನೇರ ಮಾತಾಡುವವಳಲ್ಲ, ಏನಿದ್ದರೂ ಇನ್ನೊಬ್ಬರ ಬಾಯಿಂದಲೇ ಹೇಳಿಸಬೇಕು. ನನ್ನನ್ನು ಮೊಣಕೈಯಿಂದ ತಿವಿದಳು.

"ಹಾಕವ್ಳೆ ಅಂತ ಹೇಳಮ್ಮಿ. ಜೋರಾಗಿ ಹೇಳು, ಕೇಳಾಕಿಲ್ಲ."

ನಾನು ಎದ್ದು ಕಂಬದ ಹತ್ತಿರ ಹೋದೆ. "ಹಾಕವ್ರೆ ತಾತ," ಎಂದೆ. ಮೊದಲ ಸಲ ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದೆ.

ತಾತ ತಲೆಯಾಡಿಸಿದ. ಪೇಟ ಸರಿಮಾಡಿಕೊಂಡ. ನಮ್ಮ ಹೊಲದ ಕಡೆ, ಅಟ್ಟಣೆಯ ಕಡೆ ನೋಡಿದ. ಮುಗಿಯಿತು ಎಂದುಕೊಂಡು ನಾನು ತಿರುಗಿದೆ.

"ವೆಂಕಟಪ್ಪಂದು?" ಎಂದು ನಮ್ಮ ತಾತನ ಹೆಸರು ಹಿಡಿದು ಕೇಳಿದ ಅವನು.

ಹಿಂದೆ ಇಬ್ಬರು ಅಜ್ಜಿಯರ ಕೈಯೂ ಒಟ್ಟಿಗೆ ನಿಂತಿತು. ಈ ಸಲ ನನ್ನನ್ನು ಯಾರೂ ತಿವಿಯಲಿಲ್ಲ, ಏನು ಹೇಳಬೇಕೆಂದು ಯಾರೂ ಹೇಳಿಕೊಡಲಿಲ್ಲ. ನಾನು ತಾತನ ಕಿವಿಯ ಹತ್ತಿರ ಬಗ್ಗಿದೆ.

"ಅದೂ ಐತೆ ತಾತ. ಪಕ್ಕಪಕ್ಕದಲ್ಲೇ."

"ಹಂಗಾದ್ರೆ ಸರಿ," ಅಂದ ತಾತ. ಸ್ವಲ್ಪ ಹೊತ್ತಾದ ಮೇಲೆ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ತನ್ನ ಕಡೆಗೂ ಒಂದು ಹಿಡಿ ಅವರೆಕಾಯಿ ಕೊಡು ಎಂದು ಕೈ ಚಾಚಿದ.